ಅಡುಗೆಮನೆಯ ಸಿಪ್ಪೆಗಳಿಂದ ಬಟ್ಟೆಗೆ ನಿಲ್ಲುವ ಬಣ್ಣ: ಸಮಗ್ರ ಮಾರ್ಗದರ್ಶಿ

ಈರುಳ್ಳಿ ಸಿಪ್ಪೆಯನ್ನು ನೀರಿಗೆ ಹಾಕಿ ಕುದಿಸಿದರೆ ಹತ್ತೇ ನಿಮಿಷದಲ್ಲಿ ನೀರು ಕೆಂಪೇರುತ್ತದೆ. ಅದರಲ್ಲಿ ಬಿಳಿ ಬಟ್ಟೆ ಅದ್ದಿದರೆ ಬಟ್ಟೆಗೂ ಬಣ್ಣ ಬರುತ್ತದೆ. ನಾಲ್ಕು ಸಲ ಒಗೆದ ಮೇಲೆ ಅದರಲ್ಲಿ ಎಷ್ಟು ಉಳಿಯುತ್ತದೆ ಎಂಬುದನ್ನು ಮಾತ್ರ ಯಾರೂ ತೋರಿಸುವುದಿಲ್ಲ. ಮೊಬೈಲ್‌ನಲ್ಲಿ ಹರಿದಾಡುವ ಒಂದು ನಿಮಿಷದ ವಿಡಿಯೊಗಳನ್ನು ನಂಬಿ ಶುರು ಮಾಡಿದವರು, ಬಣ್ಣವೆಲ್ಲ ಬಕೆಟ್ಟಿನ ನೀರಿಗೆ ಇಳಿದುಹೋದಾಗ ನೈಸರ್ಗಿಕ ಬಣ್ಣಗಳೇ ಇಷ್ಟು ಎಂದು ಕೈಬಿಡುತ್ತಾರೆ. ಅದು ಸಿಪ್ಪೆಯ ತಪ್ಪಲ್ಲ. ಈ ವಿದ್ಯೆಯಲ್ಲಿ ಮುಕ್ಕಾಲು ಪಾಲು ಕೆಲಸ ಬಟ್ಟೆಯನ್ನು ಸಿದ್ಧಪಡಿಸುವುದು. ಬಣ್ಣ ಅದ್ದುವುದು ಕೊನೆಯ ಕಾಲುಭಾಗ. ಹಾಗಾಗಿ ಈ ಬರಹದಲ್ಲಿಯೂ ಪಾತ್ರೆಯ ಬಣ್ಣಕ್ಕಿಂತ ಹೆಚ್ಚು ಜಾಗ ಬಟ್ಟೆಗೇ ಸಂದಿದೆ.

ತಿನ್ನುವ ಪದಾರ್ಥದ ಉಳಿಕೆಯಿಂದ ಬಟ್ಟೆಗೆ ಬಣ್ಣ ಕಟ್ಟಬಹುದೆಂಬುದಕ್ಕೆ ನಮ್ಮಲ್ಲೇ ಗಟ್ಟಿ ಸಾಕ್ಷಿಯಿದೆ. ಮಲೆನಾಡಿನಲ್ಲಿ ಕೆಂಪಡಿಕೆ ಮಾಡಲು ಸುಲಿದ ಹಸಿ ಅಡಿಕೆಯನ್ನು ಬೇಯಿಸುತ್ತಾರೆ. ಅದೇ ನೀರಿನಲ್ಲಿ ಮತ್ತೆ ಮತ್ತೆ ಬೇಯಿಸಿದಂತೆ ಅದು ಮಂದವಾಗಿ ಚೊಗರು ಆಗುತ್ತದೆ. ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿ ಭೀಮನಕೋಣೆಯಲ್ಲಿರುವ ಚರಕ ಮಹಿಳಾ ಸಹಕಾರ ಸಂಘ ಈ ಚೊಗರಿನಿಂದಲೇ ಕೈಮಗ್ಗದ ಬಟ್ಟೆಗೆ ಕೆಂಗಂದು ಬಣ್ಣ ಕೊಡುತ್ತಿದೆ. ಅಡಿಕೆ ಕಲೆ ಅಂಗಿಗೆ ಬಿದ್ದರೆ ಹೋಗುವುದಿಲ್ಲ ಎಂಬುದು ಆ ಕಡೆಯ ಎಲ್ಲ ಮನೆಗಳಿಗೂ ಗೊತ್ತು. ಆ ಕಲೆಯನ್ನೇ ಹದವಾಗಿ, ಸಮನಾಗಿ ಇಡೀ ಬಟ್ಟೆಗೆ ಹಚ್ಚುವುದು ಬಣ್ಣಗಾರಿಕೆ.

ಯಾವ ಸಿಪ್ಪೆ ನಂಬಬಹುದು

ನಾಲಿಗೆಗೆ ಒಗರು ಎನಿಸುವ ಸಿಪ್ಪೆ ಸಾಮಾನ್ಯವಾಗಿ ಬಟ್ಟೆಗೂ ಕಚ್ಚುತ್ತದೆ. ಒಗರಿಗೆ ಕಾರಣವಾದ ಟ್ಯಾನಿನ್ ಎಂಬ ಅಂಶಕ್ಕೆ ಹತ್ತಿಯ ನಾರಿನ ಮೇಲೆ ಪ್ರೀತಿ ಹೆಚ್ಚು. ದಾಳಿಂಬೆ ಸಿಪ್ಪೆ ಈ ಗುಂಪಿನ ರಾಜ. ಹಳದಿಯಿಂದ ಸಾಸಿವೆ ಬಣ್ಣದವರೆಗೆ ಕೊಡುತ್ತದೆ, ಬಿಸಿಲಿಗೂ ಒಗೆತಕ್ಕೂ ಚೆನ್ನಾಗಿ ತಡೆಯುತ್ತದೆ. ಜ್ಯೂಸ್ ಅಂಗಡಿಯವರಿಗೆ ಮೊದಲೇ ಹೇಳಿಟ್ಟರೆ ಒಂದು ಸಂಜೆಗೆ ಚೀಲ ತುಂಬುವಷ್ಟು ಸಿಗುತ್ತದೆ.

ಈರುಳ್ಳಿಯ ಒಣ ಸಿಪ್ಪೆಯಲ್ಲಿರುವುದು ಕ್ವರ್ಸಿಟಿನ್ ಎಂಬ ಬಣ್ಣದ ಅಂಶ. ಪಟಿಕದ ಜೊತೆ ಸೇರಿದಾಗ ಹೊನ್ನಿನ ಬಣ್ಣದಿಂದ ಕಿತ್ತಳೆಗಂದಿನವರೆಗೆ ಬರುತ್ತದೆ. ಬಹಳ ಚೆಲುವಾದ ಬಣ್ಣ, ಆದರೆ ಕಡುಬಿಸಿಲಿಗೆ ದಾಳಿಂಬೆಯಷ್ಟು ತಡೆಯುವುದಿಲ್ಲ. ಕಿಟಕಿಯ ಪರದೆಗೆ ಬೇಡ. ದುಪಟ್ಟಾ, ದಿಂಬಿನ ಚೀಲ, ಕುರ್ತಾಗಳಿಗೆ ಒಳ್ಳೆಯದು.

ಬೆಣ್ಣೆಹಣ್ಣಿನ ಬೀಜ ಮತ್ತು ಸಿಪ್ಪೆ ತಿಳಿ ಗುಲಾಬಿ ಕೊಡುತ್ತವೆ. ಕೊಡಗಿನ ಮನೆಗಳಲ್ಲಿಯೂ ಬೆಂಗಳೂರಿನ ಬಟರ್ ಫ್ರೂಟ್ ಜ್ಯೂಸಿನ ಅಂಗಡಿಗಳಲ್ಲಿಯೂ ಇದು ರಾಶಿರಾಶಿಯಾಗಿ ಬಿದ್ದಿರುತ್ತದೆ. ತಿರುಳು ಪೂರ್ತಿ ಹೋಗುವಂತೆ ತೊಳೆದಿರಬೇಕು, ಇಲ್ಲವಾದರೆ ಗುಲಾಬಿ ಮಂಕಾಗಿ ಕಂದಿಗೆ ತಿರುಗುತ್ತದೆ. ಟೀ ಚರಟದಿಂದ ಕಂದು, ಎಳನೀರಿನ ಸಿಪ್ಪೆಯಿಂದ ಮಾಸಲು ಗುಲಾಬಿಗಂದು ಬರುತ್ತದೆ. ಕಾಫಿ ಚರಟದ ಬಣ್ಣ ತೆಳು, ಶ್ರಮಕ್ಕೆ ತಕ್ಕ ಫಲವಿಲ್ಲ. ಅದನ್ನು ಗಿಡಗಳ ಬುಡಕ್ಕೆ ಹಾಕಿ.

ಬೀಟ್‌ರೂಟ್ ಬೇಡ. ಅದರ ಕೆಂಪು ಕಣ್ಣಿಗೆ ಎಷ್ಟೇ ಹಬ್ಬವಾಗಿ ಕಂಡರೂ ಶಾಖಕ್ಕೂ ಬೆಳಕಿಗೂ ಒಡೆದುಹೋಗುತ್ತದೆ, ಬಟ್ಟೆಯನ್ನು ಹಿಡಿದುಕೊಳ್ಳುವುದೂ ಇಲ್ಲ. ಕೆಂಪು ಎಲೆಕೋಸಿನ ನೀಲಿಗೆ ನಿಂಬೆರಸ ಬಿದ್ದರೆ ಗುಲಾಬಿ, ಸೋಪು ತಾಗಿದರೆ ಹಸಿರು. ಅರಿಸಿನ ಪಟಿಕವಿಲ್ಲದೆಯೇ ಕಚ್ಚುತ್ತದೆ, ಆದರೆ ಬಿಸಿಲಿನಲ್ಲಿ ಕೆಲವೇ ದಿನಗಳಲ್ಲಿ ಹಾರಿಹೋಗುತ್ತದೆ. ಮಕ್ಕಳಿಗೆ ಆಟವಾಗಿ ತೋರಿಸಲು ಇವು ಆದೀತು, ಉಡುವ ಬಟ್ಟೆಗೆ ಅಲ್ಲ.

ಒಂದು ಮಾತನ್ನು ಒತ್ತಿ ಹೇಳಬೇಕು. ಬಣ್ಣಕ್ಕಾಗಿ ಈರುಳ್ಳಿಯನ್ನೋ ದಾಳಿಂಬೆಯನ್ನೋ ಕೊಳ್ಳಬೇಡಿ. ಹಾಗೆ ಮಾಡಿದರೆ ಈ ಇಡೀ ಕೆಲಸಕ್ಕೆ ಅರ್ಥವೇ ಉಳಿಯುವುದಿಲ್ಲ. ಈರುಳ್ಳಿ ಸಿಪ್ಪೆ ತೂಕದಲ್ಲಿ ಗಾಳಿಯಷ್ಟು ಹಗುರ, ಒಂದು ಮನೆಯಲ್ಲಿ ಕಾಲು ಕಿಲೋ ಸೇರಲು ತಿಂಗಳುಗಳೇ ಬೇಕು. ತರಕಾರಿ ಅಂಗಡಿ, ಹೋಟೆಲು, ಈರುಳ್ಳಿ ಮಂಡಿಗಳಲ್ಲಿ ಕೇಳಿ. ಮೂಟೆ ಬಿಚ್ಚಿದ ಜಾಗದಲ್ಲಿ ಉದುರಿದ ಸಿಪ್ಪೆಯನ್ನು ಗುಡಿಸಿ ಹಾಕುವುದೇ ಅವರಿಗೊಂದು ಕೆಲಸ. ಕಪ್ಪು ಬೂಷ್ಟು ಹಿಡಿದ ಸಿಪ್ಪೆಗಳನ್ನು ಆರಿಸಿ ತೆಗೆಯಿರಿ, ಆ ಪುಡಿ ಉಸಿರಿನೊಳಗೆ ಹೋಗುವುದು ಒಳ್ಳೆಯದಲ್ಲ. ಎಲ್ಲ ಸಿಪ್ಪೆಗಳನ್ನೂ ನೆರಳಿನಲ್ಲಿ ಗರಿಗರಿಯಾಗಿ ಒಣಗಿಸಿ ಬಟ್ಟೆಯ ಚೀಲದಲ್ಲಿ ಇಡಿ. ಪ್ಲಾಸ್ಟಿಕ್ ಕವರಿನಲ್ಲಿ ಬೆವೆತು ಬೂಷ್ಟು ಬರುತ್ತದೆ.

ಸಾಮಾನು ಮತ್ತು ತೂಕ

ಪಟಿಕ, ಅಳಲೆಕಾಯಿ ಪುಡಿ, ಅಂಟುವಾಳ ಇವೆಲ್ಲ ಗ್ರಂಧಿಗೆ ಅಂಗಡಿಯಲ್ಲಿ ಸಿಗುತ್ತವೆ. ವಾಷಿಂಗ್ ಸೋಡಾ ಕಿರಾಣಿ ಅಂಗಡಿಯಲ್ಲಿ ಸಿಗುತ್ತದೆ. ಅಡುಗೆ ಸೋಡಾ ಬೇರೆ, ಅದನ್ನು ತರಬೇಡಿ. ಹತ್ತು ಲೀಟರ್ ಹಿಡಿಯುವ ಸ್ಟೀಲ್ ಪಾತ್ರೆ, ಉದ್ದನೆಯ ಕೋಲು, ಗ್ರಾಂ ತೋರಿಸುವ ಪುಟ್ಟ ತಕ್ಕಡಿ, ಕೈಗವಸು ಬೇಕು. ಕಬ್ಬಿಣದ ಬಾಣಲೆ ಬಣ್ಣವನ್ನು ಕಪ್ಪಾಗಿಸುತ್ತದೆ, ಅಲ್ಯೂಮಿನಿಯಂ ಪಾತ್ರೆ ಸೋಡಾ ತಾಗಿದರೆ ಕೆಡುತ್ತದೆ. ಬಣ್ಣಕ್ಕೆಂದು ಇಟ್ಟ ಪಾತ್ರೆ, ಸೌಟುಗಳು ಮತ್ತೆ ಅಡುಗೆಗೆ ಬರಬಾರದು.

ನೀರಿನ ಬಗ್ಗೆ ಯೋಚಿಸಿ. ಕೋಲಾರ, ತುಮಕೂರು, ಬೆಂಗಳೂರಿನ ಅನೇಕ ಕೊಳವೆಬಾವಿಗಳ ನೀರು ಗಡಸು. ಅದರಲ್ಲಿ ಕಬ್ಬಿಣವೂ ಇದ್ದರೆ ಹೊನ್ನಿನ ಬಣ್ಣ ಮಂಕಾಗುತ್ತದೆ. ಮಳೆನೀರು ಹಿಡಿದಿಟ್ಟಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ.

ಇನ್ನು ಬಟ್ಟೆ. ಹತ್ತಿ, ಲಿನನ್, ರೇಷ್ಮೆ, ಉಣ್ಣೆ ಮಾತ್ರ ಆಗುತ್ತವೆ. ಅನುಮಾನವಿದ್ದರೆ ಅಂಚಿನಿಂದ ಒಂದು ಎಳೆ ಕಿತ್ತು ಬೆಂಕಿ ತಾಗಿಸಿ. ಹತ್ತಿ ಕಾಗದದ ಹಾಗೆ ಉರಿದು ಮೆದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಎಲ್ಲ ಅಳತೆಯೂ ಒಣ ಬಟ್ಟೆಯ ತೂಕದ ಮೇಲೆ ನಿಂತಿದೆ. ಹಳೆಯ ಬಿಳಿ ಹತ್ತಿ ಪಂಚೆಯೊಂದು 250 ಗ್ರಾಂ ತೂಗಿತು ಎಂದುಕೊಳ್ಳೋಣ. ಮುಂದಿನ ಲೆಕ್ಕವೆಲ್ಲ ಅದಕ್ಕೆ. ನಿಮ್ಮ ಬಟ್ಟೆ 500 ಗ್ರಾಂ ಇದ್ದರೆ ಎಲ್ಲವನ್ನೂ ದುಪ್ಪಟ್ಟು ಮಾಡಿ.

ಮೊದಲ ಹೆಜ್ಜೆ: ಕುದಿಸಿ ತೊಳೆಯುವುದು

ಹತ್ತಿಯ ನಾರಿನಲ್ಲಿ ಹುಟ್ಟಿನಿಂದಲೇ ಮೇಣ, ಜಿಡ್ಡು ಇರುತ್ತವೆ. ಕೈಮಗ್ಗದ ಕೋರಾ ಬಟ್ಟೆಯಾದರೆ ನೇಯುವಾಗ ಹಾಕಿದ ಗಂಜಿಯೂ ಸೇರಿರುತ್ತದೆ. ಇವು ಇರುವ ಕಡೆ ಬಣ್ಣ ಒಳಗಿಳಿಯುವುದಿಲ್ಲ, ಬಟ್ಟೆಯ ಮೇಲೆ ಮಚ್ಚೆಮಚ್ಚೆಯಾಗಿ ನಿಲ್ಲುತ್ತದೆ. ಮಡಿವಾಳರು ಕ್ಷಾರವಿರುವ ಚೌಳುಮಣ್ಣು ಬೆರೆಸಿ ಬಟ್ಟೆಯನ್ನು ಉಬ್ಬೆಗೆ ಹಾಕುತ್ತಿದ್ದುದರ, ಅಂದರೆ ಆವಿಯಲ್ಲಿ ಬೇಯಿಸುತ್ತಿದ್ದುದರ ಹಿಂದೆ ಇದ್ದದ್ದು ಇದೇ ತಿಳಿವಳಿಕೆ.

ಆರೇಳು ಲೀಟರ್ ನೀರಿಗೆ ಎರಡು ಟೀ ಚಮಚ ವಾಷಿಂಗ್ ಸೋಡಾ, ಸ್ವಲ್ಪ ಅಂಟುವಾಳದ ನೀರು ಬೆರೆಸಿ, ಬಟ್ಟೆಯನ್ನು ಒಂದು ಗಂಟೆ ಕುದಿಸಿ. ಅಚ್ಚ ಬಿಳಿಯಾಗಿ ಕಾಣುತ್ತಿದ್ದ ಬಟ್ಟೆಯಿಂದಲೂ ನೀರು ಟೀ ಬಣ್ಣಕ್ಕೆ ತಿರುಗುವುದನ್ನು ನೋಡುತ್ತೀರಿ. ನೀರು ತುಂಬಾ ಕಂದಾಗಿದ್ದರೆ ಹೊಸ ನೀರಿನಲ್ಲಿ ಇನ್ನೊಮ್ಮೆ ಕುದಿಸಿ. ಚೆನ್ನಾಗಿ ಜಾಲಿಸಿ ಒಣಗಿಸಿದ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿ. ಹನಿ ಬಿದ್ದ ಕೂಡಲೇ ಇಂಗಿದರೆ ಬಟ್ಟೆ ತಯಾರು. ಮುತ್ತಿನಂತೆ ಕ್ಷಣಕಾಲ ನಿಂತರೆ ಜಿಡ್ಡು ಇನ್ನೂ ಇದೆ, ಮತ್ತೆ ಕುದಿಸಬೇಕು. ವರ್ಷಗಳ ಕಾಲ ಒಗೆದು ಮೆತ್ತಗಾದ ಹಳೆಯ ಪಂಚೆ, ಸೀರೆಗಳು ಈ ಪರೀಕ್ಷೆಯಲ್ಲಿ ಸುಲಭವಾಗಿ ಗೆಲ್ಲುತ್ತವೆ. ಹೊಸಬರಿಗೆ ನಾನು ಹೊಸ ಬಟ್ಟೆಗಿಂತ ಹಳೆಯದನ್ನೇ ಹೇಳುವುದು ಅದಕ್ಕೇ.

ಎರಡನೆಯದು: ಅಳಲೆ, ಆಮೇಲೆ ಪಟಿಕ

ರೇಷ್ಮೆ, ಉಣ್ಣೆಗಳು ಪಟಿಕವನ್ನು ನೇರವಾಗಿ ಹಿಡಿದುಕೊಳ್ಳುತ್ತವೆ. ಹತ್ತಿಗೆ ಆ ಶಕ್ತಿ ಕಡಿಮೆ. ಅದಕ್ಕೆ ನಡುವೆ ಒಬ್ಬ ದಲ್ಲಾಳಿ ಬೇಕು. ಅಳಲೆಯಲ್ಲಿರುವ ಟ್ಯಾನಿನ್ ಹತ್ತಿಯನ್ನು ಹಿಡಿಯುತ್ತದೆ, ಪಟಿಕದ ಅಲ್ಯೂಮಿನಿಯಂ ಟ್ಯಾನಿನ್ ಅನ್ನು ಹಿಡಿಯುತ್ತದೆ, ಬಣ್ಣ ಅಲ್ಯೂಮಿನಿಯಂ ಅನ್ನು ಹಿಡಿಯುತ್ತದೆ. ಹೀಗೆ ಬಣ್ಣ ಕಚ್ಚಿಸುವ ಲವಣವನ್ನು ಮಾರ್ಡೆಂಟ್ ಎನ್ನುತ್ತಾರೆ. ಹೆಸರು ಹೊರಗಿನದಾದರೂ ವಿದ್ಯೆ ಈ ನೆಲದ್ದು. ಮೊಹೆಂಜೊದಾರೊದಲ್ಲಿ ಬೆಳ್ಳಿಯ ಪಾತ್ರೆಗೆ ಅಂಟಿಕೊಂಡು ಉಳಿದಿದ್ದ ಹತ್ತಿ ಬಟ್ಟೆಯ ತುಣುಕಿನ ಕೆಂಪು, ಮಂಜಿಷ್ಠದ ಜಾತಿಯ ಬೇರಿನ ಬಣ್ಣವೆಂದು ಗುರುತಿಸಲಾಗಿದೆ. ಆ ಬಣ್ಣ ಮಾರ್ಡೆಂಟ್ ಇಲ್ಲದೆ ಹತ್ತಿಯ ಮೇಲೆ ನಿಲ್ಲುವುದಿಲ್ಲ.

50 ಗ್ರಾಂ ಅಳಲೆಕಾಯಿ ಪುಡಿಯನ್ನು ಬಿಸಿನೀರಿನಲ್ಲಿ ಗಂಟಿಲ್ಲದೆ ಕಲಸಿ, ಬಟ್ಟೆ ಮುಳುಗುವಷ್ಟು ಬೆಚ್ಚಗಿನ ನೀರಿಗೆ ಸೇರಿಸಿ. ಒದ್ದೆ ಮಾಡಿ ಹಿಂಡಿದ ಬಟ್ಟೆಯನ್ನು ಅದರಲ್ಲಿ ಎರಡು ಗಂಟೆ ನೆನೆಸಿ, ಆಗಾಗ ತಿರುವುತ್ತಿರಿ. ಬಟ್ಟೆ ಬೆಣ್ಣೆಯ ಬಣ್ಣಕ್ಕೆ ಬರುತ್ತದೆ. ಹಿಂಡಿ, ನೆರಳಿನಲ್ಲಿ ಒಣಗಿಸಿ. ಜಾಲಿಸಬೇಡಿ. ದಾಳಿಂಬೆ ಸಿಪ್ಪೆಯಿಂದ ಬಣ್ಣ ಹಾಕುವುದಾದರೆ ಅಳಲೆಯನ್ನು ಬಿಡಬಹುದು. ಅದರ ಬದಲು 50 ಗ್ರಾಂ ದಾಳಿಂಬೆ ಸಿಪ್ಪೆ ಕುದಿಸಿ ಸೋಸಿದ ನೀರಿನಲ್ಲೇ ನೆನೆಸಿ.

ಮರುದಿನ 40 ಗ್ರಾಂ ಪಟಿಕವನ್ನು ಕುಟ್ಟಿ ಒಂದು ಲೀಟರ್ ಬಿಸಿನೀರಿನಲ್ಲಿ ಕರಗಿಸಿ. ಬೇರೆ ಲೋಟದಲ್ಲಿ 5 ಗ್ರಾಂ ವಾಷಿಂಗ್ ಸೋಡಾ ಕರಗಿಸಿಕೊಂಡು, ಪಟಿಕದ ನೀರಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಿ. ಬುಸುಬುಸು ಎಂದು ನೊರೆ ಏಳುತ್ತದೆ. ಅದು ಇಂಗಾಲದ ಡೈಆಕ್ಸೈಡ್, ಹೆದರಬೇಕಿಲ್ಲ, ಆದರೆ ಪಾತ್ರೆ ದೊಡ್ಡದಿರಲಿ. ಸೋಡಾ ಪಟಿಕದ ಹುಳಿಯನ್ನು ತಗ್ಗಿಸಿ, ಅಲ್ಯೂಮಿನಿಯಂ ಹತ್ತಿಗೆ ಕೂರಲು ದಾರಿ ಮಾಡುತ್ತದೆ. ನೊರೆ ತಗ್ಗಿದ ಮೇಲೆ ಬೆಚ್ಚಗಿನ ನೀರು ಸೇರಿಸಿ ಬಟ್ಟೆ ಮುಳುಗಿಸಿ, ಮಡಿಕೆಗಳನ್ನು ಬಿಡಿಸಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಹಿಂಡಿ, ಒಮ್ಮೆ ಹಗುರವಾಗಿ ಜಾಲಿಸಿದರೆ ಸಾಕು. ಮೂರು ದಿನ ಹೋಯಿತಲ್ಲ ಎನಿಸಬಹುದು. ಆ ಮೂರು ದಿನದಲ್ಲಿ ಕೈ ಆಡಿಸುವ ಕೆಲಸ ಬಹಳ ಕಡಿಮೆ, ಉಳಿದದ್ದು ಬಟ್ಟೆ ತಾನೇ ಮಾಡಿಕೊಳ್ಳುವ ಕೆಲಸ.

ಮೂರನೆಯದು: ಬಣ್ಣ ತೆಗೆದು ಅದ್ದುವುದು

ಈರುಳ್ಳಿ ಸಿಪ್ಪೆಯಾದರೆ ಬಟ್ಟೆಯಷ್ಟೇ ತೂಕ, ಅಂದರೆ 250 ಗ್ರಾಂ. ದಾಳಿಂಬೆಯ ಒಣ ಸಿಪ್ಪೆಯಾದರೆ ಅರ್ಧ, 125 ಗ್ರಾಂ ಸಾಕು. ದಾಳಿಂಬೆಯದನ್ನು ಒರಳಿನಲ್ಲಿ ಒರಟಾಗಿ ಕುಟ್ಟಿಕೊಳ್ಳಿ. ಹಿಂದಿನ ರಾತ್ರಿಯೇ ನೆನೆಹಾಕಿ, ಮರುದಿನ ಸಣ್ಣ ಉರಿಯಲ್ಲಿ ಒಂದು ಗಂಟೆ ಕಾಯಿಸಿ. ಕೊತಕೊತ ಕುದಿಸುವುದರಿಂದ ಬಣ್ಣ ಹೆಚ್ಚುವುದಿಲ್ಲ, ಕಂದು ಹೆಚ್ಚುತ್ತದೆ, ಗ್ಯಾಸೂ ವ್ಯರ್ಥ. ಹಳೆಯ ಪಂಚೆಯ ತುಂಡಿನಲ್ಲಿ ಸೋಸಿ. ಸಿಪ್ಪೆಯ ಚೂರು ಬಟ್ಟೆಗೆ ಅಂಟಿದ ಕಡೆ ಕಪ್ಪು ಚುಕ್ಕೆ ಬೀಳುವುದರಿಂದ ಎರಡು ಸಲ ಸೋಸಿದರೂ ನಷ್ಟವಿಲ್ಲ.

ಬೆಣ್ಣೆಹಣ್ಣಿನ ಬೀಜಕ್ಕೆ ತಾಳ್ಮೆ ಇನ್ನೂ ಹೆಚ್ಚು ಬೇಕು. ಮೊದಲ ಅರ್ಧ ಗಂಟೆ ನೀರು ಬಣ್ಣವೇ ಇಲ್ಲದಂತಿರುತ್ತದೆ. ಆಮೇಲೆ ನಿಧಾನವಾಗಿ ಕೆಂಪೇರುತ್ತದೆ. ಚಿಟಿಕೆ ವಾಷಿಂಗ್ ಸೋಡಾ ಹಾಕಿದರೆ ಕೆಂಪು ಇನ್ನೂ ಆಳವಾಗುತ್ತದೆ. ರಾತ್ರಿ ತಣಿಯಲು ಬಿಟ್ಟು ಮರುದಿನ ಮತ್ತೆ ಕಾಯಿಸಿದರೆ ಮೊದಲ ದಿನಕ್ಕಿಂತ ಒಳ್ಳೆಯ ಬಣ್ಣ ಸಿಗುತ್ತದೆ.

ಸೋಸಿದ ಬಣ್ಣಕ್ಕೆ ನೀರು ಸೇರಿಸಿ ಆರು ಲೀಟರಿನಷ್ಟು ಮಾಡಿಕೊಳ್ಳಿ. ಬಟ್ಟೆ ಪಾತ್ರೆಯಲ್ಲಿ ಆರಾಮವಾಗಿ ಈಜಬೇಕು. ತುರುಕಿದರೆ ಮಡಿಕೆಗಳಲ್ಲಿ ಪಟ್ಟೆ ಮೂಡುತ್ತದೆ. ಪಟಿಕ ಹಾಕಿದ ಬಟ್ಟೆಯನ್ನು ಪೂರ್ತಿ ಒದ್ದೆ ಮಾಡಿ, ಬಣ್ಣ ಉಗುರುಬೆಚ್ಚಗಿರುವಾಗಲೇ ಇಳಿಸಿ. ನಿಧಾನವಾಗಿ ಶಾಖ ಏರಿಸಿ. ಆವಿ ಏಳುತ್ತ, ಪಾತ್ರೆಯ ಅಂಚಿನಲ್ಲಿ ಸಣ್ಣ ಗುಳ್ಳೆ ಕಾಣಿಸುವ ಹದದಲ್ಲಿ, ಅಂದರೆ ಸುಮಾರು 70ರಿಂದ 80 ಡಿಗ್ರಿಯಲ್ಲಿ, ಒಂದು ಗಂಟೆ ಇಡಿ. ಮೊದಲ ಹದಿನೈದು ನಿಮಿಷ ಪಾತ್ರೆಯ ಮುಂದಿನಿಂದ ಏಳಬೇಡಿ. ಬಣ್ಣದ ಬಹುಭಾಗ ಬಟ್ಟೆಗೆ ಏರುವುದು ಆಗಲೇ, ಕೋಲಿನಿಂದ ತಿರುವುತ್ತಲೇ ಇರಬೇಕು. ಆಮೇಲೆ ಐದು ನಿಮಿಷಕ್ಕೊಮ್ಮೆ ಸಾಕು. ಒಲೆ ಆರಿಸಿ ಅದೇ ನೀರಿನಲ್ಲಿ ರಾತ್ರಿ ಬಿಟ್ಟರೆ ಬಣ್ಣ ಇನ್ನೊಂದು ಮೆಟ್ಟಿಲು ಏರುತ್ತದೆ. ಒದ್ದೆ ಬಟ್ಟೆಯ ಬಣ್ಣ ನೋಡಿ ತೀರ್ಮಾನಿಸಬೇಡಿ. ಒಣಗಿದಾಗ ಅದು ಎಷ್ಟೋ ತೆಳುವಾಗಿರುತ್ತದೆ.

ಅನ್ನಭೇದಿಯ ಆಟ

ಒಂದೇ ಸಿಪ್ಪೆಯಿಂದ ಎರಡನೆಯ ಬಣ್ಣ ಬೇಕೆಂದರೆ ಕಬ್ಬಿಣದ ನೆರವು ಬೇಕು. ಅನ್ನಭೇದಿ ಎಂದು ಕರೆಯುವ ಹಸಿರು ಹರಳು ಕಬ್ಬಿಣದ ಲವಣ. 5 ಗ್ರಾಂ ಅನ್ನಭೇದಿಯನ್ನು ಬೇರೊಂದು ಬಕೆಟ್ಟಿನ ಬೆಚ್ಚಗಿನ ನೀರಿನಲ್ಲಿ ಕರಗಿಸಿ, ಬಣ್ಣ ಹಾಕಿ ಜಾಲಿಸಿದ ಬಟ್ಟೆಯನ್ನು ಅದರಲ್ಲಿ ಮುಳುಗಿಸಿ. ಸಾಸಿವೆ ಬಣ್ಣದ ದಾಳಿಂಬೆ ಬಟ್ಟೆ ಕಣ್ಣೆದುರೇ ಹಸಿರುಬೂದಿಗೆ, ಅಲ್ಲಿಂದ ಮಳೆಮೋಡದ ಬಣ್ಣಕ್ಕೆ ಇಳಿಯುತ್ತದೆ. ಈರುಳ್ಳಿಯ ಹೊನ್ನು ಪಾಚಿಹಸಿರಾಗುತ್ತದೆ. ಟೀ ಚರಟದ ಕಂದು ಬೂದುಬಣ್ಣವಾಗುತ್ತದೆ. ಬೇಕಾದ ಬಣ್ಣ ಬಂದ ಕೂಡಲೇ ತೆಗೆಯಿರಿ, ಹತ್ತು ನಿಮಿಷ ಮೀರಬೇಡಿ. ಕಬ್ಬಿಣ ಹೆಚ್ಚಾದರೆ ನಾರು ಕಾಲಕ್ರಮೇಣ ಪುಡಿಯಾಗುತ್ತದೆ. ಈ ಹರಳು ಮಕ್ಕಳ ಕೈಗೆ ಸಿಗದ ಹಾಗೆ ಇಡಿ, ಹೊಟ್ಟೆಗೆ ಹೋದರೆ ಅಪಾಯ.

ಶ್ರೀಕಾಳಹಸ್ತಿಯ ಕಲಂಕಾರಿ ಕಲಾವಿದರು ತುಕ್ಕು ಹಿಡಿದ ಕಬ್ಬಿಣದ ಚೂರುಗಳನ್ನು ಬೆಲ್ಲದ ನೀರಿನಲ್ಲಿ ವಾರಗಟ್ಟಲೆ ಹುಳಿಸಿ ಕಪ್ಪು ಶಾಯಿ ಮಾಡಿಕೊಳ್ಳುತ್ತಾರೆ. ಅಳಲೆಯಲ್ಲಿ ಅದ್ದಿದ ಬಟ್ಟೆಯ ಮೇಲೆ ಅದರಿಂದ ಗೆರೆ ಎಳೆದರೆ ಕಪ್ಪು ಮೂಡುತ್ತದೆ. ಮನೆಯಲ್ಲಿಯೂ ಇದನ್ನು ಮಾಡಬಹುದು: ಹಳೆಯ ಮೊಳೆಗಳು, ಒಂದು ಅಚ್ಚು ಬೆಲ್ಲ, ಒಂದು ಮಡಕೆ ನೀರು, ಎರಡು ಮೂರು ವಾರ. ಬಾಯಿಗೆ ಬಟ್ಟೆ ಕಟ್ಟಿಡಿ, ಮುಚ್ಚಳ ಬಿಗಿಯಬೇಡಿ.

ಚಿತ್ತಾರ ಬಿಡಿಸಲು ಈ ಶಾಯಿ ತೀರಾ ನೀರು, ಹರಡಿಹೋಗುತ್ತದೆ. ಅದನ್ನು ಗಟ್ಟಿ ಮಾಡಲು ಅಡುಗೆಮನೆಯ ಇನ್ನೊಂದು ಕಸ ಒದಗುತ್ತದೆ, ಹುಣಸೆ ಬೀಜ. ನಮ್ಮ ಕಂಬಳಿ ನೇಯುವ ಕುರುಬರು ಹಾಸಿನ ನೂಲಿಗೆ, ಅಂದರೆ ಮಗ್ಗದ ಉದ್ದನೆಯ ಎಳೆಗಳಿಗೆ, ಹಚ್ಚುವುದು ಹುಣಸೆ ಬೀಜದ ಗಂಜಿಯನ್ನೇ. ಬೀಜವನ್ನು ಹುರಿದು, ಕುಟ್ಟಿ, ಕಂದು ಹೊಟ್ಟು ತೆಗೆದು, ಒಳಗಿನ ಬಿಳಿ ಬೇಳೆಯನ್ನು ಹಿಟ್ಟು ಮಾಡಿ ನೀರಿನಲ್ಲಿ ಅಂಟಾಗುವವರೆಗೆ ಬೇಯಿಸಿ. ಆರಿದ ಮೇಲೆ ಕಬ್ಬಿಣದ ಶಾಯಿ ಬೆರೆಸಿ, ದಾಳಿಂಬೆ ಬಣ್ಣದ ಒಣ ಬಟ್ಟೆಯ ಮೇಲೆ ಕುಂಚದಿಂದಲೋ ಮರದ ಅಚ್ಚಿನಿಂದಲೋ ಹಚ್ಚಿ. ಅರ್ಧ ಗಂಟೆ ಬಿಟ್ಟು ಧಾರಾಳ ನೀರಿನಲ್ಲಿ ಜಾಲಿಸಿ. ಸಾಸಿವೆಯ ಮೇಲೆ ಕಡುಬೂದು ಚಿತ್ತಾರ ಉಳಿಯುತ್ತದೆ. ಬೀಜದ ಕಂದು ಹೊಟ್ಟಿನಲ್ಲೂ ಟ್ಯಾನಿನ್ ಇದೆ, ಮುಂದಿನ ಸಲದ ಬಣ್ಣದ ಪಾತ್ರೆಗೆ ಸೇರಿಸಿಕೊಳ್ಳಿ.

ಕೆಲವು ಪಾಕವಿಧಾನಗಳಲ್ಲಿ ಹಸಿರಿಗೆ ಮೈಲುತುತ್ತ, ಹಳದಿಗೆ ಡೈಕ್ರೊಮೇಟ್ ಹಾಕಲು ಹೇಳಿರುತ್ತದೆ. ಎರಡೂ ಬೇಡ. ಮೈಲುತುತ್ತದ ನೀರು ಕೆರೆಗೆ ಸೇರಿದರೆ ಮೀನುಗಳಿಗೆ ವಿಷ; ಡೈಕ್ರೊಮೇಟ್ ಕ್ಯಾನ್ಸರ್ ತರುವ ರಾಸಾಯನಿಕ. ಸಿಪ್ಪೆಯಿಂದ ಬಂದ ಬಣ್ಣವೆಂದು ಹೇಳಿಕೊಳ್ಳುತ್ತ ಹಿತ್ತಿಲಿಗೆ ಇಂಥದ್ದನ್ನು ಸುರಿಯುವುದು ನನಗೆ ಒಪ್ಪಿಗೆಯಿಲ್ಲ.

ರೇಷ್ಮೆಗೆ ಬೇರೆ ದಾರಿ

ರೇಷ್ಮೆಗೆ ವಾಷಿಂಗ್ ಸೋಡಾ ತಾಗಿಸಬೇಡಿ, ಕುದಿಸಬೇಡಿ. ಉಗುರುಬೆಚ್ಚಗಿನ ಅಂಟುವಾಳದ ನೀರಿನಲ್ಲಿ ತೊಳೆದು, ತೂಕದ ನೂರಕ್ಕೆ ಹತ್ತರಿಂದ ಹನ್ನೆರಡು ಪಾಲು ಪಟಿಕದಲ್ಲಿ ರಾತ್ರಿ ನೆನೆಸಿದರೆ ಸಾಕು; ಅಳಲೆ ಬೇಕಿಲ್ಲ. ಬಣ್ಣದ ಪಾತ್ರೆಯ ಶಾಖ ಕೈ ಅದ್ದಲಾಗದಷ್ಟು ಬಿಸಿ ಮುಟ್ಟಿದರೆ ಅಲ್ಲಿಗೇ ನಿಲ್ಲಿಸಿ. ಈರುಳ್ಳಿ ಸಿಪ್ಪೆಯ ಬಣ್ಣ ರೇಷ್ಮೆಯ ಮೇಲೆ ಹೊಳೆಯುವ ಪರಿಯೇ ಬೇರೆ.

ಒಣಗಿಸುವುದು, ಒಗೆಯುವುದು, ಪರೀಕ್ಷಿಸುವುದು

ಬಣ್ಣ ಹಾಕಿದ ಬಟ್ಟೆಯನ್ನು ನೆರಳಿನಲ್ಲಿ ಒಣಗಿಸಿ, ಒಂದು ವಾರ ಹಾಗೆಯೇ ಮಡಿಸಿಡಿ. ಆಮೇಲೆ ನೀರು ತಿಳಿಯಾಗುವವರೆಗೆ ಅಂಟುವಾಳದ ನೀರಿನಲ್ಲಿ ಒಗೆಯಿರಿ. ಮೊದಲ ಒಗೆತದಲ್ಲಿ ಸ್ವಲ್ಪ ಬಣ್ಣ ಬಿಡುವುದು ಸಹಜ, ಅದು ನಾರಿಗೆ ಕೂರದೆ ಮೇಲೆ ಉಳಿದದ್ದು. ಬಟ್ಟೆ ಸೋಪಿನ ಪುಡಿಗಳಲ್ಲಿ ಕ್ಷಾರ ಹೆಚ್ಚಿರುವುದರಿಂದ ಬಣ್ಣದ ಛಾಯೆ ಬದಲಾಗುತ್ತದೆ. ನಿಂಬೆರಸ, ಹುಣಸೆಹುಳಿ ಬಿದ್ದ ಕಡೆ ತಿಳಿ ಮಚ್ಚೆ ಮೂಡಬಹುದು. ಊಟದ ಮೇಜಿನ ಹಾಸುಬಟ್ಟೆಗೆ ಈ ಬಣ್ಣ ಸೂಕ್ತವಲ್ಲ.

ದೊಡ್ಡ ಬಟ್ಟೆಗೆ ಕೈಹಾಕುವ ಮೊದಲು ಅದೇ ಬಟ್ಟೆಯ ಅಂಗೈಯಗಲದ ತುಂಡಿಗೆ ಇದೇ ಕ್ರಮದಲ್ಲಿ ಬಣ್ಣ ಹಾಕಿ ನೋಡಿ. ಅರ್ಧ ಭಾಗಕ್ಕೆ ರಟ್ಟು ಕಟ್ಟಿ ಬಿಸಿಲು ಬೀಳುವ ಕಿಟಕಿಗೆ ಎರಡು ವಾರ ಅಂಟಿಸಿಡಿ. ರಟ್ಟು ತೆಗೆದಾಗ ಎರಡು ಭಾಗಗಳ ನಡುವಿನ ಗೆರೆ ಎಷ್ಟು ಸ್ಪಷ್ಟವೋ ಬಣ್ಣ ಅಷ್ಟು ದುರ್ಬಲ. ಆ ತುಂಡುಗಳನ್ನು ನೋಟ್‌ಬುಕ್ಕಿಗೆ ಹೊಲಿದು, ಪಕ್ಕದಲ್ಲಿ ಸಿಪ್ಪೆಯ ತೂಕ, ಪಟಿಕದ ತೂಕ, ಯಾವ ನೀರು ಎಂದು ಬರೆದಿಡಿ. ಚಿತ್ರದುರ್ಗದ ಈರುಳ್ಳಿಯ ಸಿಪ್ಪೆಗೂ ಮಹಾರಾಷ್ಟ್ರದಿಂದ ಬಂದದ್ದಕ್ಕೂ ಛಾಯೆ ವ್ಯತ್ಯಾಸವಾಗಬಹುದು, ಒಂದೇ ಅಂಗಡಿಯ ಎರಡು ಮೂಟೆಗೂ ಆಗಬಹುದು. ಎರಡು ಬಟ್ಟೆ ಒಂದೇ ಬಣ್ಣಕ್ಕೆ ಬರಬೇಕೆಂದಿದ್ದರೆ ಒಂದೇ ಪಾತ್ರೆಯಲ್ಲಿ ಒಟ್ಟಿಗೆ ಅದ್ದಿ.

ಉಳಿದ ನೀರು, ಉಳಿದ ಸಿಪ್ಪೆ

ನೀರು ಮತ್ತು ಉರುವಲಿನ ಲೆಕ್ಕ ಹಿಡಿಯದೆ ಇದನ್ನು ಪರಿಸರದ ಕೆಲಸ ಎನ್ನಲಾಗದು. ಒಂದು ಕರವಸ್ತ್ರಕ್ಕಾಗಿ ಗಂಟೆಗಟ್ಟಲೆ ಗ್ಯಾಸ್ ಉರಿಸುವುದಕ್ಕಿಂತ, ಸಿಪ್ಪೆ ಕೂಡಿಟ್ಟು ನಾಲ್ಕೈದು ಬಟ್ಟೆಗಳನ್ನು ಒಟ್ಟಿಗೆ ಮಾಡಿ. ಮೊದಲ ಬಟ್ಟೆ ಹೊರಬಂದ ಮೇಲೂ ಪಾತ್ರೆಯಲ್ಲಿ ಬಣ್ಣ ಇರುತ್ತದೆ. ಎರಡನೆಯ, ಮೂರನೆಯ ಬಟ್ಟೆ ತೆಳುವಾಗುತ್ತ ಹೋಗುತ್ತವೆ, ಆ ತಿಳಿಬಣ್ಣಗಳೇ ಅನೇಕರಿಗೆ ಹೆಚ್ಚು ಹಿಡಿಸುತ್ತವೆ. ಬೇಸಿಗೆಯಲ್ಲಿ ಕಪ್ಪು ಬಳಿದ ಪಾತ್ರೆಯನ್ನು ತಾರಸಿಯ ಮೇಲೆ ಮುಚ್ಚಿಟ್ಟರೆ ಎರಡು ಮೂರು ದಿನದ ಬಿಸಿಲೇ ಸಿಪ್ಪೆಯಿಂದ ಬಣ್ಣ ಇಳಿಸುತ್ತದೆ.

ಪಟಿಕದ ನೀರನ್ನು ಚೆಲ್ಲಬೇಡಿ. ಮುಂದಿನ ಬಟ್ಟೆಗೆ ಅದಕ್ಕೇ ಅರ್ಧ ಅಳತೆ ಪಟಿಕ ಸೇರಿಸಿದರೆ ಆಯಿತು. ಕೊನೆಗೆ ಚೆಲ್ಲುವಾಗ ಧಾರಾಳ ನೀರು ಬೆರೆಸಿ, ಬಾವಿ ಮತ್ತು ಕುಂಡಗಳಿಂದ ದೂರ ಹಾಕಿ. ಬಣ್ಣ ಬಿಟ್ಟ ಸಿಪ್ಪೆ, ಪಟಿಕ ತಾಗದಿದ್ದರೆ, ನೇರವಾಗಿ ಗೊಬ್ಬರದ ಗುಂಡಿಗೆ ಹೋಗಬಹುದು. ಕುದಿಸಿ ಸೋಸಿದ ಮೇಲಷ್ಟೇ ಬಟ್ಟೆ ಇಳಿಸಬೇಕೆಂದು ಹೇಳಿದ್ದಕ್ಕೆ ಇದೂ ಒಂದು ಕಾರಣ.

ಒಂದೆರಡು ವರ್ಷದಲ್ಲಿ ಬಟ್ಟೆ ಮಾಸಿತೆಂದರೆ ಎಲ್ಲವನ್ನೂ ಮೊದಲಿನಿಂದ ಮಾಡಬೇಕಿಲ್ಲ. ಚೆನ್ನಾಗಿ ಒಗೆದು, ಅರ್ಧ ಅಳತೆಯ ಪಟಿಕದಲ್ಲಿ ರಾತ್ರಿ ನೆನೆಸಿ, ಮತ್ತೆ ಸಿಪ್ಪೆಯ ಬಣ್ಣದಲ್ಲಿ ಅದ್ದಿ. ಮಾಸಿದ ಈರುಳ್ಳಿಯ ಹೊನ್ನಿನ ಮೇಲೆ ದಾಳಿಂಬೆ ಹಾಕಿದರೆ ಎರಡನೆಯ ಸಲದ ಬಣ್ಣ ಮೊದಲಿನದಕ್ಕಿಂತ ಗಟ್ಟಿಯಾಗಿ ನಿಲ್ಲುತ್ತದೆ.